ಪದ ಮರೆತ ಗಾಯಕಿಗೆ ಪ್ರಶಸ್ತಿ ಏಕೆ?

ಮಾನ್ಯರೇ,

ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ಕೈಸೇರಿದೆ. “ಕಛೇರಿಯಲ್ಲಿ ಚರಣ ಮರೆತರೆ ನಾವು ತಲೆ ತಗ್ಗಿಸುತ್ತೇವೆ, ಹಿಂದೆ ಕುಳಿತ ಶಿಷ್ಯರು ಮೆಲ್ಲಗೆ ಎತ್ತಿಕೊಟ್ಟು ಮಾನ ಕಾಯುತ್ತಾರೆ. ಅಲ್ಲಿ ಮರೆತವರಿಗೆ ಗ್ರ್ಯಾಮಿ ಕೊಡುತ್ತಾರೆಂದು ತಮ್ಮ ಲೇಖನ ಹೇಳುತ್ತದೆ. ಇದು ಕಲೆಯೋ, ಉಡಾಫೆಯೋ?” ಎಂದು ಕೇಳಿದ್ದೀರಿ. ಬಹುಕಾಲ ಸಂಗೀತ ಪಾಠ ಹೇಳಿದವರು ಕೇಳಲೇಬೇಕಾದ ಪ್ರಶ್ನೆ ಇದು.

ಮೊದಲು ತಮ್ಮ ಎರಡು ಸಣ್ಣ ಆಕ್ಷೇಪಗಳನ್ನು ತೀರಿಸಿಬಿಡುತ್ತೇನೆ. ಹಳೆಯ ಪುಸ್ತಕಗಳಲ್ಲಿ ಅವರ ಜನನ ವರ್ಷ 1918 ಎಂದಿರುವುದು ನಿಜ, ಆದರೆ ಅವರು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಹುಟ್ಟಿದ್ದು 1917ರ ಏಪ್ರಿಲ್ 25ರಂದು. ಹೆಸರನ್ನು ‘ಎಲ್ಲಾ’ ಎಂದು ಬರೆದರೆ ಓದುವವರಿಗೆ ‘ಸಮಸ್ತ’ ಎಂಬ ಅರ್ಥ ತೋರುತ್ತದೆ, ‘ಎಲಾ’ ಎಂದರೆ ಗದರಿದಂತಾಗುತ್ತದೆ. ಎರಡರಲ್ಲಿ ಗದರಿಕೆಯೇ ವಾಸಿ ಎಂದು ಹಾಗೆ ಇಟ್ಟೆವು.

ಇನ್ನು ಮುಖ್ಯ ಪ್ರಶ್ನೆ. “ಪದ ಮರೆತು ಹಾಡಿದ್ದಕ್ಕೆ ಪ್ರಶಸ್ತಿ ಬಂತು” ಎಂಬ ನಮ್ಮ ವಾಕ್ಯವೇ ಅಜಾಗರೂಕತೆಯದು ಎಂದು ಒಪ್ಪಿಕೊಳ್ಳುತ್ತೇನೆ. ನಡೆದದ್ದನ್ನು ಸರಿಯಾಗಿ ಹೇಳಬೇಕೆಂದರೆ, 1960ರ ಫೆಬ್ರವರಿ 13ರಂದು ಬರ್ಲಿನ್‌ನ ಡಾಯ್ಚ್‌ಲಾಂಡ್‌ಹಾಲೆ ಎಂಬ ವಿಶಾಲ ಸಭಾಂಗಣದಲ್ಲಿ ಪಾಲ್ ಸ್ಮಿತ್ ಅವರ ಪಿಯಾನೋ, ಜಿಮ್ ಹಾಲ್ ಅವರ ಗಿಟಾರ್, ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್ ಅವರ ಬಾಸ್ ಮತ್ತು ಗಸ್ ಜಾನ್ಸನ್ ಅವರ ಡ್ರಮ್ಸ್, ಇಷ್ಟೇ ಪಕ್ಕವಾದ್ಯಗಳೊಂದಿಗೆ ಅವರು ‘ಮ್ಯಾಕ್ ದಿ ನೈಫ್’ ಹಾಡನ್ನು ಎತ್ತಿಕೊಂಡರು. ಪದಗಳೆಲ್ಲ ನೆನಪಿದ್ದರೆ ಸಾಕಪ್ಪ ಎಂದು ಹಾಡುವ ಮುನ್ನವೇ ಸಭೆಗೆ ಹೇಳಿಕೊಂಡರು. ಆ ಹಾಡು ಹುಟ್ಟಿದ್ದು ಅದೇ ಊರಿನಲ್ಲಿ, 1928ರಲ್ಲಿ. ನಮ್ಮ ಹವ್ಯಾಸಿ ರಂಗಭೂಮಿಗೂ ಚಿರಪರಿಚಿತರಾದ ಜರ್ಮನ್ ನಾಟಕಕಾರ ಬ್ರೆಖ್ಟ್ ಅವರು ತಮ್ಮ ‘ತ್ರೀಪೆನ್ನಿ ಆಪೆರಾ’ ನಾಟಕಕ್ಕೆ ಬರೆದು, ಕುರ್ಟ್ ವೈಲ್ ರಾಗ ಹಾಕಿದ ಹಾಡು ಅದು. ಬೀದಿಯಲ್ಲಿ ನಿಂತು ಕೊಲೆಗಾರರ ಕಥೆ ಹೇಳುತ್ತಿದ್ದ ಜರ್ಮನ್ ಹಾಡುಗಾರರ ಧಾಟಿಯನ್ನು ಅದಕ್ಕೆ ಬಳಸಿಕೊಂಡಿದ್ದಾರೆ; ನಮ್ಮ ಲಾವಣಿಯನ್ನು ನೆನೆದುಕೊಂಡರೆ ತಮಗೆ ಥಟ್ಟನೆ ಹಿಡಿತಕ್ಕೆ ಸಿಗುತ್ತದೆ. ಒಂದೇ ಮಟ್ಟು ನುಡಿಯಿಂದ ನುಡಿಗೆ ಮರಳಿ ಬರುತ್ತದೆ, ಬದಲಾಗುವುದು ಕಥೆ ಮಾತ್ರ. ಆದ್ದರಿಂದ ಪದ ಮರೆಯಲು ಇದಕ್ಕಿಂತ ಕೆಟ್ಟ ಹಾಡು ಇನ್ನೊಂದಿಲ್ಲ. ಕೃತಿಯಲ್ಲಾದರೆ ಸಂಗತಿಯೊಂದನ್ನು ಮತ್ತೊಮ್ಮೆ ಹಾಡಿ ನೆನಪಿಗಾಗಿ ಕಾಯಬಹುದು. ಲಾವಣಿಕಾರನಿಗೆ ಕಥೆ ಕೈಕೊಟ್ಟರೆ ಅಡಗಿಕೊಳ್ಳಲು ಜಾಗವೇ ಇಲ್ಲ.

ಮೊದಲ ಕೆಲವು ನುಡಿಗಳು ಸರಿಯಾಗಿ ಸಾಗಿ ಆಮೇಲೆ ಪದ ಜಾರಿತು. ಅವರು ನಿಲ್ಲಲಿಲ್ಲ. ಮುಂದಿನ ನುಡಿ ಯಾವುದೆಂದು ತನಗೆ ಗೊತ್ತಿಲ್ಲ ಎಂಬುದನ್ನೇ ಮುಂದಿನ ನುಡಿಯಾಗಿ ಹಾಡಿದರು. ಈ ಹಾಡನ್ನು ತಮಗಿಂತ ಮೊದಲು ಧ್ವನಿಮುದ್ರಿಸಿದ್ದ ಬಾಬಿ ಡ್ಯಾರಿನ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹೆಸರುಗಳನ್ನು ಅದೇ ಮಟ್ಟಿಗೆ ಕೂರಿಸಿದರು, ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯನ್ನು ಅಣಕಿಸಿದರು, ಈಗ ನಾವು ಈ ಹಾಡಿನ ಗತಿ ಕಾಣಿಸುತ್ತಿದ್ದೇವೆ ಎಂದೂ ಹಾಡಿಬಿಟ್ಟರು. ಇಷ್ಟೆಲ್ಲ ನಡೆಯುವಾಗ ಶ್ರುತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಲೇ ಇತ್ತು, ಲಯ ಒಂದು ಅಕ್ಷರಕಾಲದಷ್ಟೂ ಕದಲಲಿಲ್ಲ. ಪ್ರಶಸ್ತಿ ಬಂದದ್ದು ಮರೆವಿಗಲ್ಲ. ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಸ್ವಾಧೀನದಲ್ಲಿದ್ದುದಕ್ಕೆ.

ಆ ಸ್ವಾಧೀನ ಎಲ್ಲಿಂದ ಬಂತು ಎಂಬುದಕ್ಕೆ ಅವರ ಬದುಕನ್ನೇ ನೋಡಬೇಕು. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಬೆಳೆದ ಹುಡುಗಿಗೆ 1932ರಲ್ಲಿ ತಾಯಿ ತೀರಿಕೊಂಡರು. ಮುಂದಿನ ಎರಡು ವರ್ಷ ಅನಾಥಾಲಯ, ಹಡ್ಸನ್ ಪಟ್ಟಣದಲ್ಲಿದ್ದ ಬಾಲಕಿಯರ ಸರ್ಕಾರಿ ಸುಧಾರಣಾ ಶಾಲೆ, ಅಲ್ಲಿಂದ ಹೊರಬಿದ್ದ ಮೇಲೆ ಹಾರ್ಲೆಮ್‌ನ ಬೀದಿ. ಈ ದಿನಗಳ ಬಗ್ಗೆ ಅವರು ಬದುಕಿನುದ್ದಕ್ಕೂ ಮೌನವಾಗಿದ್ದರು. ಕಷ್ಟವನ್ನು ಮಾರಿಕೊಳ್ಳದ ಆ ಮೌನದ ಮೇಲೆ ನನಗೆ ಗೌರವವಿದೆ.

1934ರ ನವೆಂಬರ್ 21ರಂದು ಹಾರ್ಲೆಮ್‌ನ ಅಪೋಲೋ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಹದಿನೇಳರ ಎಲಾ ಹೋದದ್ದು ಕುಣಿಯುವುದಕ್ಕೆ. ಅವರಿಗಿಂತ ಮೊದಲು ಎಡ್ವರ್ಡ್ಸ್ ಸಹೋದರಿಯರು ಕುಣಿದು ಸಭೆಯನ್ನು ಗೆದ್ದುಬಿಟ್ಟಿದ್ದರಿಂದ, ರಂಗದ ಮೇಲೆ ನಿಂತ ಮೇಲೆ ಹಾಡುವುದೆಂದು ಮನಸ್ಸು ಬದಲಿಸಿದರು. ತಮ್ಮ ಮೆಚ್ಚಿನ ಗಾಯಕಿ ಕಾನಿ ಬಾಸ್ವೆಲ್ ಅವರ ರೀತಿಯಲ್ಲಿ ಹಾಡಿ 25 ಡಾಲರ್ ಬಹುಮಾನ ಪಡೆದರು. ಬರ್ಲಿನ್‌ನ ಘಟನೆಯನ್ನು ಆಕಸ್ಮಿಕ ಎನ್ನುವವರು ಇದನ್ನೂ ಗಮನಿಸಬೇಕು: ಅಂದುಕೊಂಡದ್ದು ಕೈತಪ್ಪಿದಾಗ ಕೈಯಲ್ಲಿರುವುದನ್ನೇ ಹಿಡಿದು ನಡೆಯುವುದು ಅವರಿಗೆ ಮೊದಲ ದಿನದಿಂದಲೂ ಬಂದಿತ್ತು.

ಮರುವರ್ಷ ಡ್ರಮ್ ವಾದಕ ಚಿಕ್ ವೆಬ್ ಅವರ ತಂಡ ಸೇರಿದರು. ಕ್ಷಯದಿಂದ ಬೆನ್ನು ಬಾಗಿದ್ದ, ಕುಳ್ಳಗಿದ್ದ ವೆಬ್ ಹಾರ್ಲೆಮ್‌ನ ಸೆವಾಯ್ ನೃತ್ಯಶಾಲೆಯ ರಾಜನೆನಿಸಿದ್ದವರು. ಅಲ್ಲಿ ಕೇಳುವುದಕ್ಕಿಂತ ಕುಣಿಯುವುದಕ್ಕೆ ಬಂದವರೇ ಹೆಚ್ಚು. ಲಯ ಸಡಿಲವಾದರೆ ಕಾಲುಗಳೇ ದೂರು ಹೇಳುತ್ತವೆ. ಮೃದಂಗ ವಿದ್ವಾಂಸರ ಮನೆಯಲ್ಲೇ ಇದ್ದು ಹಾಡು ಕಲಿತಂತಾಯಿತು ಅನ್ನಬಹುದು. 1938ರಲ್ಲಿ ಮಕ್ಕಳ ಪ್ರಾಸಪದ್ಯವೊಂದನ್ನು ಹಾಡಾಗಿಸಿದ ‘ಎ ಟಿಸ್ಕೆಟ್, ಎ ಟಾಸ್ಕೆಟ್’ ದೇಶವಿಡೀ ಮನೆಮಾತಾಯಿತು. 1939ರ ಜೂನ್‌ನಲ್ಲಿ ವೆಬ್ ತೀರಿಕೊಂಡಾಗ ಇಪ್ಪತ್ತೆರಡರ ಎಲಾ ಅವರ ಹೆಸರಿನಲ್ಲೇ ತಂಡ ಮುಂದುವರಿಯಿತು.

‘ಸ್ಕ್ಯಾಟ್’ ಎಂಬ ಅರ್ಥವಿಲ್ಲದ ಅಕ್ಷರಗಳ ಗಾಯನವನ್ನು ತಾವು ‘ಬಾಯಿಗೆ ಬಂದದ್ದು’ ಎಂದಿದ್ದೀರಿ. ಈ ಮಾತನ್ನು ಒಪ್ಪಲಾರೆ. ನಮ್ಮ ತಿಲ್ಲಾನದ ಜತಿಗಳಿಗೂ ನಿಘಂಟಿನ ಅರ್ಥವಿಲ್ಲ. ತಿಲ್ಲಾನ ಮೊದಲೇ ರಚನೆಯಾದದ್ದು, ಸ್ಕ್ಯಾಟ್ ಆ ಕ್ಷಣದ ಮನೋಧರ್ಮ. ಹಾಗಾಗಿ ಕಲ್ಪನಾಸ್ವರಕ್ಕೆ ಹತ್ತಿರ. ಆದರೆ ಕಲ್ಪನಾಸ್ವರದಲ್ಲಿ ಗಾಯಕರು ಸ್ವರದ ಹೆಸರನ್ನೇ ಉಚ್ಚರಿಸುತ್ತಾರೆ, ಇಲ್ಲಿ ಆ ಆಧಾರವೂ ಇಲ್ಲ. ಟ್ರಂಪೆಟ್ ಊದುವವನ ನಾಲಿಗೆ ಸ್ವರವನ್ನು ತುಂಡರಿಸುವ ಬಗೆಯನ್ನು ಕೇಳಿ, ಅದಕ್ಕೆ ಹೊಂದುವ ಅಕ್ಷರವನ್ನು ಬಾಯಿ ಹುಡುಕಿಕೊಳ್ಳಬೇಕು. 1940ರ ದಶಕದಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಅವರ ತಂಡದೊಂದಿಗೆ ಊರೂರು ಸುತ್ತುತ್ತ, ವಾದ್ಯಗಳು ಮಾಡುವುದನ್ನು ಗಂಟಲಲ್ಲಿ ಮಾಡಲು ಯತ್ನಿಸಿ ಅವರು ಇದನ್ನು ಕಲಿತರು.

ಮಾತಿನ ಬಗ್ಗೆ ಅವರಿಗೆ ಅನಾದರವಿತ್ತೆಂಬ ಶಂಕೆಗೆ, ಒಂದೊಂದರಲ್ಲೂ ಒಬ್ಬೊಬ್ಬ ರಚನಕಾರರ ಹಾಡುಗಳನ್ನೇ ಆರಿಸಿ ಹಾಡಿದ ಅವರ ‘ಸಾಂಗ್‌ಬುಕ್’ ಧ್ವನಿಮುದ್ರಿಕೆಗಳೇ ಉತ್ತರ. ವ್ಯವಸ್ಥಾಪಕರಾದ ನಾರ್ಮನ್ ಗ್ರಾಂಜ್ ಅವರು 1956ರಲ್ಲಿ ವರ್ವ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದ್ದೇ ಬಹುಮಟ್ಟಿಗೆ ಎಲಾ ಅವರಿಗಾಗಿ. ಕೋಲ್ ಪೋರ್ಟರ್ ಅವರ ರಚನೆಗಳಿಂದ ಆರಂಭವಾಗಿ 1964ರವರೆಗೆ ಬಂದ ಈ ಮಾಲೆಯಲ್ಲಿ ಒಂದೊಂದು ಪದವೂ ತೊಳೆದಿಟ್ಟ ಹಾಗೆ ಕೇಳುತ್ತದೆ. ನನ್ನ ರುಚಿಗೆ ಇವುಗಳಲ್ಲಿ ಕೆಲವು ತುಸು ಹೆಚ್ಚೇ ಅಚ್ಚುಕಟ್ಟು.

ಉಡಾಫೆ ಎಂಬ ಶಬ್ದಕ್ಕೆ ಇನ್ನೊಂದು ಮಾತು. 1955ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ನಗರದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂರಬೇಕೆಂದು ಗ್ರಾಂಜ್ ಪಟ್ಟು ಹಿಡಿದ ಕಛೇರಿಯ ರಾತ್ರಿ, ರಂಗದ ಹಿಂದೆ ಜೂಜಾಡುತ್ತಿದ್ದರೆಂಬ ನೆಪದಲ್ಲಿ ಪೊಲೀಸರು ಎಲಾ ಮತ್ತು ಗಿಲೆಸ್ಪಿ ಅವರನ್ನು ಹಿಡಿದೊಯ್ದರು. ಠಾಣೆಯಲ್ಲಿ ಅವರ ಹಸ್ತಾಕ್ಷರವನ್ನೂ ಕೇಳಿದರು! ಬಿಡುಗಡೆಯಾಗಿ ಬಂದು ಅದೇ ರಾತ್ರಿ ಎರಡನೆಯ ಕಛೇರಿ ನಡೆಸಿಕೊಟ್ಟರು.

ಕೊನೆಯ ವರ್ಷಗಳಲ್ಲಿ ಮಧುಮೇಹ ಅವರ ಕಣ್ಣು ಮಂಕಾಗಿಸಿತು, 1993ರಲ್ಲಿ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. 1996ರ ಜೂನ್ 15ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ನಿಧನರಾದರು.

ಮೊದಲು ಯಾವುದನ್ನು ಕೇಳಲಿ ಎಂದೂ ವಿಚಾರಿಸಿದ್ದೀರಿ. ಬರ್ಲಿನ್ ಕಛೇರಿಯನ್ನೇ ಕೇಳಿ, ತೊಡೆಯ ಮೇಲೆ ತಾಳ ಹಾಕುತ್ತ. ಪದ ಜಾರಿದ ಜಾಗದಲ್ಲಿ ತಮ್ಮ ಕೈ ಒಮ್ಮೆಯಾದರೂ ತಡವರಿಸಿದರೆ ದಯವಿಟ್ಟು ಮತ್ತೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ