ಹಳೆಯ ಮೋಟಾರ್ ಯಾಟ್: ಇಂಜಿನ್ ಆಮೇಲೆ, ಮೊದಲು ಒಡಲು ನೋಡಿ

ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ದೋಣಿ ಇಟ್ಟುಕೊಂಡವರೆಲ್ಲರೂ ಇಂಜಿನ್ ಖರ್ಚನ್ನೇ ಕೇಳುತ್ತಾರೆ. ಆ ಇಂಜಿನ್ ಕೂತಿರುವ ತೊಲೆ ಗಟ್ಟಿಯಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಈ ಬಾರಿ ಒಂದೇ ಪ್ರಶ್ನೆಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಗೋವಾದಿಂದ ತಂದ ನಮ್ಮ 28 ಅಡಿಯ ಫೈಬರ್ ಯಾಟ್‌ಗೆ 24 ವರ್ಷವಾಗಿದೆ. ಡೀಸೆಲ್ ಇಂಜಿನ್ ಬಿಳಿ ಹೊಗೆ ಬಿಡುತ್ತದೆ, ನೆಲವೂ ಅಲ್ಲಲ್ಲಿ ಮೆತ್ತಗಾಗಿದೆ. ಸಿಹಿನೀರಿನಲ್ಲಿ ದೋಣಿ ಕೆಡುವುದಿಲ್ಲ ಎನ್ನುತ್ತಾರೆ. ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಲೇ, ಮಾರಲೇ? – ಬಾಗಲಕೋಟೆಯ ಓದುಗರು

ಉತ್ತರ: ಸಿಹಿನೀರಿನ ಮಾತನ್ನು ನಿಮಗೆ ಹೇಳಿದವರು ಕಬ್ಬಿಣವನ್ನಷ್ಟೇ ಬಲ್ಲವರು. ಉಪ್ಪುನೀರು ಲೋಹವನ್ನು ಬೇಗ ತಿನ್ನುತ್ತದೆ ಎಂಬುದು ನಿಜ, ಆದರೆ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಒಗ್ಗುವುದು ಸಿಹಿನೀರೇ. ಫೈಬರಿನ ಹೊರಪದರದೊಳಗೆ ನೀರು ಇಳಿದು ಗುಳ್ಳೆ ಏಳುವುದೂ ಸಿಹಿನೀರಿನಲ್ಲೇ ಹೆಚ್ಚು. ಫೈಬರ್ ದೋಣಿ ಎಂದರೆ ಬರೀ ಫೈಬರ್ ಅಲ್ಲ. ಆ ಕಾಲದ ಬಹಳಷ್ಟು ದೋಣಿಗಳಲ್ಲಿ ನೆಲ, ಹಿಂಬದಿಯ ಹಲಗೆ, ಇಂಜಿನ್ ಹೊರುವ ಸ್ಟ್ರಿಂಗರ್ ತೊಲೆ, ಎಲ್ಲದರ ಒಳಗೂ ಪ್ಲೈವುಡ್ ಅಥವಾ ಮರ ಇರುತ್ತದೆ, ಮತ್ತು ಸ್ಕ್ರೂ ಹಾಕಿದ ಒಂದೊಂದು ತೂತಿನಿಂದಲೂ ಮಳೆನೀರು ಅಲ್ಲಿಗೆ ಇಳಿಯುತ್ತದೆ.

ಸಣ್ಣ ಸುತ್ತಿಗೆಯ ಹಿಡಿಯಿಂದ ತೊಲೆಯ ಉದ್ದಕ್ಕೂ ತಟ್ಟಿ. ಖಣಖಣ ಸದ್ದು ಹೋಗಿ ಮಂದ ಸದ್ದು ಬಂದಲ್ಲಿ ಒಳಮೈಯಿಂದ ಸಣ್ಣ ತೂತು ಕೊರೆದು, ಬಂದ ಹೊಟ್ಟನ್ನು ಬೆರಳಲ್ಲಿ ಹಿಸುಕಿ ನೋಡಿ. ಒಣಗಿ ತಿಳಿಬಣ್ಣಕ್ಕಿದ್ದರೆ ಮರ ಗಟ್ಟಿ ಇದೆ, ಕಪ್ಪಾಗಿ ಒದ್ದೆಯಾಗಿದ್ದರೆ ಕೊಳೆತಿದೆ. ನೆಲ ಮಾತ್ರ ಹೋಗಿದ್ದರೆ ದೋಣಿ ಇಟ್ಟುಕೊಳ್ಳಿ. ಒಂದೆರಡು ತೊಲೆ ಹೋಗಿದ್ದರೆ ಅದಕ್ಕಾಗಿ ಇಂಜಿನ್ ಎತ್ತಲೇಬೇಕಾದ್ದರಿಂದ, ಇಂಜಿನ್ ಕೆಲಸವನ್ನು ಅದೇ ಹೊತ್ತಿಗೆ ಮುಗಿಸಿ. ತೊಲೆಗಳೂ ಹಿಂಬದಿಯ ಹಲಗೆಯೂ ಒಟ್ಟಿಗೇ ಹೋಗಿದ್ದರೆ ಇಂಜಿನ್, ಗೇರ್, ಪ್ರೊಪೆಲ್ಲರ್ ಬಿಚ್ಚಿ ಮಾರಿ, ಒಡಲಿನ ಆಸೆ ಬಿಡಿ. ಅಂಥ ಒಡಲಿಗೆ ಬಣ್ಣ ಹೊಡೆದು ಪ್ರವಾಸಿಗರನ್ನು ಕೂರಿಸುವವನಿಗೆ ಮಾತ್ರ ಮಾರಬೇಡಿ. ಯಂತ್ರಚಾಲಿತ ದೋಣಿಗೆ ಸರ್ವೆ ಮತ್ತು ನೋಂದಣಿ ಕಡ್ಡಾಯವೆಂದು 2021ರ ಒಳನಾಡು ಹಡಗು ಕಾಯ್ದೆ ಹೇಳುವುದು ಇಂಥವರಿಗಾಗಿಯೇ.

ದುರಸ್ತಿಗೆ ಇಳಿದಿರಾದರೆ, ಒದ್ದೆ ಮರದ ಮೇಲೆ ಫೈಬರ್ ಮ್ಯಾಟ್ ಹಾಸಿ ರಾಳ ಸುರಿಯುವ ಮೇಸ್ತ್ರಿಯನ್ನು ಬಾಗಿಲಲ್ಲೇ ತಡೆಯಿರಿ. ಅದು ಗೆದ್ದಲು ಹಿಡಿದ ತೊಲೆಗೆ ಸುಣ್ಣ ಬಳಿದಂತೆ. ಕೊಳೆತ ಮರಕ್ಕೆ ಸೂಜಿಯಿಂದ ಚುಚ್ಚಿ ಗಟ್ಟಿ ಮಾಡುವ ಔಷಧವೂ ಅದೇ ಜಾತಿಯದು. ಕೊಳೆತದ್ದನ್ನು ಪೂರ್ತಿ ಕಿತ್ತು, ನಮ್ಮ ಏಪ್ರಿಲ್–ಮೇ ಬಿಸಿಲಿನ ಒಣಹವೆಯಲ್ಲಿ ನೆರಳಿನಡಿ ಒಣಗಿಸಿ, ಎಪಾಕ್ಸಿ ರಾಳದಲ್ಲೇ ಕಟ್ಟಿಸಿ. ಹಳೆಯ ಫೈಬರಿಗೆ ಪಾಲಿಯೆಸ್ಟರ್ ರಾಳಕ್ಕಿಂತ ಎಪಾಕ್ಸಿ ಚೆನ್ನಾಗಿ ಅಂಟುತ್ತದೆ. ತೇಪೆ ಕೂರುವ ಹಳೆಯ ಫೈಬರಿನ ಅಂಚನ್ನು ಅದರ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಹಿನ್ನೀರು ಸರಿದು ದಂಡೆಯಲ್ಲಿ ಕೆಸರುಳಿಯುವ ಮುನ್ನವೇ ದೋಣಿಯನ್ನು ಮೇಲೆತ್ತಿಸಿ.

ಇನ್ನು ಬಿಳಿ ಹೊಗೆ. ತಣ್ಣಗಿದ್ದಾಗ ಕೊಂಚ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ತಂಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಮತ್ತು ಜಾಲರಿಯನ್ನು ನೋಡಿ, ಏಕೆಂದರೆ ಮಳೆಗಾಲದ ಕೃಷ್ಣೆಯ ಮಣ್ಣುನೀರು ಇಂಪೆಲ್ಲರನ್ನು ಸವೆಸುತ್ತದೆ, ನೀರು ಕಡಿಮೆಯಾದಾಗ ಎಗ್ಸಾಸ್ಟಿನಿಂದ ಹಬೆ ಬರುತ್ತದೆ. ಆಮೇಲೆ ಇಂಜೆಕ್ಟರ್, ಕಂಪ್ರೆಷನ್. ಇವನ್ನು ನೋಡದೆ ಇಂಜಿನ್ ಸಿಲಿಂಡರ್ ಬೋರ್ ಮಾಡಿಸಲು ಹೊರಡಬೇಡಿ.

ಪ್ರಶ್ನೆ: ದೋಣಿಯ ಲೋಹದ ಬದಲು ತಾನು ಸವೆಯಲೆಂದು ಹಾಕುವ ಸತುವಿನ ತುಂಡು (ಆನೋಡ್) ಸವೆಯುತ್ತಲೇ ಇಲ್ಲ, ಒಳ್ಳೆಯದಲ್ಲವೇ?

ಉತ್ತರ: ಅಲ್ಲ, ಸಿಹಿನೀರಿನಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ನಿಷ್ಕ್ರಿಯವಾಗುತ್ತದೆ, ಮೆಗ್ನೀಷಿಯಂ ಹಾಕಿಸಿ.

ಪ್ರಶ್ನೆ: ಟ್ರ್ಯಾಕ್ಟರ್ ಇಂಜಿನ್ ಕೂರಿಸಬಹುದೇ?

ಉತ್ತರ: ತಂಪಿನ ವ್ಯವಸ್ಥೆ, ಎಗ್ಸಾಸ್ಟ್, ಗೇರ್ ಎಲ್ಲ ಬದಲಿಸುವ ಖರ್ಚನ್ನು ಬರೆದಿಟ್ಟು, ಆಮೇಲೂ ಆಸೆ ಉಳಿದರೆ ಕೇಳಿ.

ಪ್ರಶ್ನೆ: ಪ್ರೊಪೆಲ್ಲರ್ ಶಾಫ್ಟ್ ಒಡಲಿನಿಂದ ಹೊರಹೋಗುವಲ್ಲಿನ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುತ್ತದೆ, ಪೂರ್ತಿ ಬಿಗಿಸಲೇ?

ಉತ್ತರ: ಹಳೆಯ ಪ್ಯಾಕಿಂಗ್ ಗ್ಲ್ಯಾಂಡ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಲೇಬೇಕು, ಇಲ್ಲದಿದ್ದರೆ ಬಿಸಿಯಾಗಿ ಶಾಫ್ಟ್ ಸವೆಯುತ್ತದೆ, ಒಂದು ಹನಿಯೂ ಬಾರದಂತೆ ಬಿಗಿಸುತ್ತೇನೆ ಎನ್ನುವ ಮೆಕ್ಯಾನಿಕ್‌ನನ್ನು ದೋಣಿ ಹತ್ತಿಸಬೇಡಿ.