ಸಲಿಂಗಿ, ಕಥೋಲಿಕ, ಬೆಂಗಳೂರಿನವ: ಚರ್ಚನ್ನೂ ಹಕ್ಕನ್ನೂ ಬಿಡದೆ ಇರಲು ಏನು ಮಾಡಬೇಕು?

ನೀವು ಬರೆದಿದ್ದು ಇಷ್ಟು: ಭಾನುವಾರದ ಕನ್ನಡ ಪೂಜೆಯಲ್ಲಿ ಹಾಡುತ್ತೀರಿ, ಹಿಂದೂ ಗೆಳೆಯನ ಜೊತೆ ಸಂಸಾರ ಹೂಡಿದ್ದೀರಿ, ಮನೆಯವರು ನಿಮಗೆ ಹುಡುಗಿ ನೋಡುತ್ತಿದ್ದಾರೆ. ಚರ್ಚ್ ಬಿಡಬೇಕೋ, ಸಮಾನ ಹಕ್ಕಿನ ಮಾತು ಬಿಡಬೇಕೋ ಎಂದು ಕೇಳಿದ್ದೀರಿ. ಎರಡನ್ನೂ ಬಿಡಬೇಕಿಲ್ಲ. ಆದರೆ ಎರಡರ ನಡುವೆ ಜಗಳವೇ ಇಲ್ಲ ಎನ್ನುವವರ ಮಾತನ್ನು ನಂಬಬೇಡಿ. ಜಗಳ ಇದೆ. ಬಿಡಿಸಿ ನೋಡಿದರೆ ಅದು ನೀವು ಹೆದರಿದಷ್ಟು ದೊಡ್ಡ ಜಾಗವನ್ನು ಹಿಡಿದಿಲ್ಲ. ಧರ್ಮಸಭೆ ಬದಲಾಗಲಿ, ಸಂಸತ್ತು ಕಣ್ಣು ತೆರೆಯಲಿ ಎಂದು ಕಾಯುತ್ತ, ಇಂದೇ ಮಾಡಿಡಬಹುದಾದ ಕಾಗದಪತ್ರ ಮುಂದೂಡುವುದೇ ಹೆಚ್ಚಿನ ಅಪಾಯ ಎಂದು ನನ್ನ ಅನಿಸಿಕೆ.

ಮೊದಲು ಬೋಧನೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2357, 2358, 2359 ಈ ಮೂರೂ ಪರಿಚ್ಛೇದಗಳನ್ನು ನೀವೇ ಕೂತು ಓದಿ. ಬೈಯುವವರು 2357ಕ್ಕೆ ನಿಲ್ಲಿಸುತ್ತಾರೆ, ಸಮಾಧಾನ ಹೇಳುವವರು 2358ರ ಅರ್ಧವನ್ನಷ್ಟೇ ಓದುತ್ತಾರೆ. ಮೊದಲನೆಯದು ಸಲಿಂಗ ದೈಹಿಕ ಸಂಬಂಧವನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದು ಎನ್ನುತ್ತದೆ. ಎರಡನೆಯದು ಆ ಒಲವನ್ನೂ ಕ್ರಮ ತಪ್ಪಿದ್ದು ಎಂದು ಕರೆಯುತ್ತದೆ. ಅದೇ ಉಸಿರಿನಲ್ಲಿ ಇಂಥವರನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಎನ್ನುತ್ತದೆ. ಮೂರನೆಯದು ನಿಮ್ಮಿಂದ ಬ್ರಹ್ಮಚರ್ಯವನ್ನು ಕೇಳುತ್ತದೆ. ಓದಿದರೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಒಂದು ಗಮನಿಸಿ: ಒಲವು ಪಾಪ ಎಂದು ಎಲ್ಲೂ ಬರೆದಿಲ್ಲ. ನೀವು ಸಲಿಂಗಿ ಎಂಬುದು ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ಸಂಗತಿಯೇ ಅಲ್ಲ.

ಸಂಗಾತಿಯೊಂದಿಗಿನ ಬದುಕಿನ ಪ್ರಶ್ನೆ ಬಂದಾಗ ಅದೇ ಗ್ರಂಥದ 1776ರಿಂದ 1802ರವರೆಗಿನ ಮನಸ್ಸಾಕ್ಷಿಯ ಭಾಗ ಓದಿ. ಖಚಿತವಾದ ಮನಸ್ಸಾಕ್ಷಿಯ ತೀರ್ಪಿಗೆ ಮನುಷ್ಯ ಯಾವಾಗಲೂ ವಿಧೇಯನಾಗಿರಬೇಕು ಎಂದು 1790 ಹೇಳುತ್ತದೆ. ಆ ತೀರ್ಪು ತಪ್ಪಾಗಿರಬಹುದು ಎಂದೂ ಸೇರಿಸುತ್ತದೆ. ನನಗೆ ಹಾಗನ್ನಿಸಿತು ಎಂದರೆ ಅದು ಮನಸ್ಸಾಕ್ಷಿಯಲ್ಲ. ಬೋಧನೆಯನ್ನು ಪೂರ್ತಿ ಓದಿ, ಪ್ರಾರ್ಥಿಸಿ, ತಿಳಿದವರೊಡನೆ ಚರ್ಚಿಸಿ, ಆಮೇಲೂ ದೇವರ ಮುಂದೆ ನಿಂತು ಹೇಳಬಲ್ಲ ಮಾತು ಅದು. ಈ ದಾರಿಯಲ್ಲಿ ಬೇರೆ ಬೇರೆ ಕಡೆ ತಲುಪಿದ ಪ್ರಾಮಾಣಿಕ ಕಥೋಲಿಕರಿದ್ದಾರೆ: ಕೆಲವರು ಬ್ರಹ್ಮಚರ್ಯ ಆರಿಸಿಕೊಂಡಿದ್ದಾರೆ, ಕೆಲವರು ಸಂಗಾತಿಯೊಂದಿಗೇ ಇದ್ದಾರೆ. ನಿಮ್ಮ ಪರವಾಗಿ ಆ ತೀರ್ಮಾನ ಮಾಡುವ ಅಧಿಕಾರ ನನಗಿಲ್ಲ, ನಿಮ್ಮ ಮನೆಯವರಿಗೂ ಇಲ್ಲ.

ಯಾರೊಡನೆ ಮಾತನಾಡಬೇಕು? ಇಲ್ಲಿ ಎಡವುವವರೇ ಹೆಚ್ಚು. ಧರ್ಮಕೇಂದ್ರದ ಕಚೇರಿಯಲ್ಲಿ ಕುರ್ಚಿಗೆ ಕುರ್ಚಿ ಎಳೆದುಕೊಂಡು ಫಾದರ್ ಹತ್ತಿರ ಹೇಳಿಕೊಂಡದ್ದಕ್ಕೆ ಪಾಪನಿವೇದನೆಯ ಮುದ್ರೆ, ಅಂದರೆ ಗುಟ್ಟು ಕಾಯುವ ಕಟ್ಟುಪಾಡು, ಇರುವುದಿಲ್ಲ. ಅದು ನಂಬಿಕೆಯ ಮಾತು ಮಾತ್ರ. ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ತಾಯಿಯ ಕಿವಿಗೆ ಬೀಳಬಹುದು. ಪಾಪನಿವೇದನೆಯ ಸಂಸ್ಕಾರದೊಳಗೆ ಹೇಳಿದ್ದನ್ನು ಮಾತ್ರ ಗುರುಗಳು ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ. ನೇರವಾಗಿ ಮುರಿದರೆ ಅವರಿಗೆ ತಾನಾಗಿಯೇ ಬಹಿಷ್ಕಾರ. ಹಾಗಾಗಿ ಮಾತು ಶುರು ಮಾಡುವ ಮೊದಲೇ, ಇದು ಪಾಪನಿವೇದನೆ ಎಂದು ಸ್ಪಷ್ಟವಾಗಿ ಹೇಳಿ, ಜಾಲರಿಯ ಹಿಂದೆಯೇ ಕೂರಿ. ಧರ್ಮಸಭೆಯ ಕಾನೂನಿನ 991ನೇ ವಿಧಿಯ ಪ್ರಕಾರ ಅಧಿಕಾರವಿರುವ ಯಾವ ಗುರುವನ್ನಾದರೂ ನೀವು ಆರಿಸಿಕೊಳ್ಳಬಹುದು, ಸಿರೋ ಮಲಬಾರಿನಂಥ ಬೇರೆ ಪಂಥದವರನ್ನು ಕೂಡ. ಗುರುಮಠಗಳೂ ಸಂನ್ಯಾಸಿ ಸಭೆಗಳೂ ಬೆಂಗಳೂರಿನಷ್ಟು ಒತ್ತೊತ್ತಾಗಿರುವ ಊರು ನಮ್ಮಲ್ಲಿ ಕಡಿಮೆ. ನಿಮ್ಮ ಕುಟುಂಬದ ಪರಿಚಯವಿಲ್ಲದ, ನಿಮ್ಮ ಧರ್ಮಕೇಂದ್ರದಿಂದ ದೂರದ ಒಬ್ಬರನ್ನು ಹುಡುಕಿ. ಜೆಸ್ವಿತರು, ರಿಡೆಂಪ್ಟರಿಸ್ಟರು ಆಧ್ಯಾತ್ಮಿಕ ಮಾರ್ಗದರ್ಶನವನ್ನೇ ಸೇವೆಯಾಗಿ ಮಾಡಿಕೊಂಡು ಬಂದವರು. ಮೊದಲ ಭೇಟಿಯಲ್ಲಿ ಎಲ್ಲ ಬಿಚ್ಚಿಡಬೇಡಿ. 2358ರ ಬಗ್ಗೆ ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳಿ, ಉತ್ತರದ ದನಿ ಹೇಗಿದೆ ನೋಡಿ.

ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದದ ವಿಷಯ. ಗಂಭೀರ ಪಾಪದ ಅರಿವಿದ್ದವರು ಪಾಪನಿವೇದನೆ ಮಾಡದೆ ಸ್ವೀಕರಿಸಬಾರದು ಎಂದು 916ನೇ ವಿಧಿ ಹೇಳುತ್ತದೆ. ಅದು ನಿಮ್ಮ ಒಳಗಿನ ವಿಚಾರಣೆ. ಗುರುಗಳು ನಿರಾಕರಿಸುವುದು 915ನೇ ವಿಧಿಯಡಿ. ಅದಕ್ಕೆ ಎಲ್ಲರಿಗೂ ಕಾಣುವಂಥ ಗಂಭೀರ ಪಾಪದಲ್ಲಿ ಹಠದಿಂದ ಮುಂದುವರಿದಿರಬೇಕು. ಯಾರೋ ಹೇಳಿದರು, ಒಂದೇ ಮನೆಯಲ್ಲಿದ್ದಾರಂತೆ ಎಂಬ ಗಾಳಿಮಾತು ಸಾಲದು. ಗಾನವೃಂದದ ವಿಷಯ ಬೇರೆ. ಅಲ್ಲಿ ಹಾಡುವುದು ಸಂಸ್ಕಾರದಂತೆ ಹಕ್ಕಲ್ಲ, ಧರ್ಮಕೇಂದ್ರದ ಗುರುಗಳು ಬೇಡ ಎಂದರೆ ನಿಲ್ಲಿಸಬಹುದು. ಸಾರ್ವಜನಿಕವಾಗಿ ಹೇಳಿಕೊಳ್ಳುವ ಮುಂಚೆ ಈ ಬೆಲೆ ತೆರಲು ಸಿದ್ಧರಿದ್ದೀರಾ ಎಂದು ನೋಡಿಕೊಳ್ಳಿ.

2023ರ ಡಿಸೆಂಬರ್ 18ರಂದು ವ್ಯಾಟಿಕನ್ ಹೊರಡಿಸಿದ ಘೋಷಣೆ ಸಲಿಂಗಿ ಜೋಡಿಗಳಿಗೆ ಆಶೀರ್ವಾದ ಕೊಡಲು ಅವಕಾಶ ಮಾಡಿತು. ಅದು ಮದುವೆಯಲ್ಲ, ಪೂಜಾವಿಧಿಯಲ್ಲ. ಮದುವೆಯ ಉಡುಗೆ, ಸನ್ನೆ, ಮಾತು ಯಾವುದೂ ಇರಕೂಡದು, ಕೆಲವೇ ಕ್ಷಣಗಳ ಪ್ರಾರ್ಥನೆ. ಕೇಳುವುದಾದರೆ ಕ್ಯಾಮೆರಾ, ಹಾರ, ಕೇಕು ಏನೂ ಇಲ್ಲದೆ ಕೇಳಿ. ಒಪ್ಪುವುದು ಬಿಡುವುದು ಆ ಗುರುವಿನ ವಿವೇಚನೆ.

ಈಗ ಮನೆಯವರ ಒತ್ತಡ. ಧ್ಯಾನಕೂಟಕ್ಕೆ ಕರೆದೊಯ್ದು ವಾಸಿ ಮಾಡಿಸುತ್ತೇವೆ, ದೆವ್ವ ಬಿಡಿಸುತ್ತೇವೆ ಎಂದರೆ ನೇರವಾಗಿ ಬೇಡ ಎನ್ನಿ. ಧರ್ಮೋಪದೇಶ ಗ್ರಂಥವೇ ಈ ಒಲವಿನ ಮೂಲಕ್ಕೆ ಬಹುಮಟ್ಟಿಗೆ ಇನ್ನೂ ವಿವರಣೆಯಿಲ್ಲ ಎನ್ನುತ್ತದೆ, ವಾಸಿಯಾಗುತ್ತದೆ ಎಂದು ಭರವಸೆ ಕೊಡುವುದಿಲ್ಲ. ಭೂತೋಚ್ಚಾಟನೆಗೆ 1172ನೇ ವಿಧಿಯಂತೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು. ಪ್ರಾರ್ಥನಾ ಗುಂಪಿನ ಮುಖ್ಯಸ್ಥರಿಗೆ ಆ ಅಧಿಕಾರವಿಲ್ಲ. ವೈದ್ಯರ ಕಡೆಗೆ ಬಂದರೆ, 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಲವು ಬದಲಿಸುವ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದಿತು. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಹಾನ್ಸ್‌ಗೆ ಹೋಗಿ. ಆ ಸಹಾಯ ಕುಗ್ಗಿದ ಮನಸ್ಸಿಗೆ, ನಿಮ್ಮ ಒಲವಿಗಲ್ಲ.

ಹುಡುಗಿ ನೋಡುವುದನ್ನು ಈಗಲೇ ತಡೆಯಿರಿ, ನಿಶ್ಚಿತಾರ್ಥದ ತನಕ ಬಿಡಬೇಡಿ. ಬಲವಂತ ಅಥವಾ ತೀವ್ರ ಭಯದಿಂದ ಕೊಟ್ಟ ಒಪ್ಪಿಗೆಯ ಮದುವೆ 1103ನೇ ವಿಧಿಯಂತೆ ಅಸಿಂಧು. ಮದುವೆಗೆ ಮುಂಚಿನ ವಿಚಾರಣೆಯಲ್ಲಿ, ನಾನು ಮನಸಾರೆ ಒಪ್ಪಿಲ್ಲ ಎಂದು ಗುರುಗಳಿಗೆ ಹೇಳಿದರೆ ಅವರು ಮುಂದುವರಿಸುವಂತಿಲ್ಲ. ಆಮೇಲೆ ಧರ್ಮಸಭೆಯ ನ್ಯಾಯಮಂಡಳಿಯಲ್ಲಿ ರದ್ದು ಮಾಡಿಸಿದರಾಯಿತು ಎಂದುಕೊಂಡರೆ ಸಿಕ್ಕಿಬೀಳುತ್ತೀರಿ. ಆ ತೀರ್ಪಿಗೆ ಸರ್ಕಾರಿ ಕಾನೂನಿನಲ್ಲಿ ಬೆಲೆಯಿಲ್ಲ. ಬೆಲೆ ಕೊಡಿ ಎಂದು ಕರಾವಳಿಯ ಕ್ಲಾರೆನ್ಸ್ ಪಾಯಸ್ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು. ಇನ್ನೊಂದು ಕಡೆ ಏನೂ ಅರಿಯದ ಒಬ್ಬ ಹೆಣ್ಣುಮಗಳ ಜೀವನ ಇದೆ ಎಂಬುದನ್ನು ಮರೆಯಬೇಡಿ. ಮನೆಯಲ್ಲಿ ಕೂಡಿಹಾಕಿದರೆ 112ಕ್ಕೆ ಕರೆ ಮಾಡಿ. ನಿಮ್ಮ ಪರವಾಗಿ ಗೆಳೆಯ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ) ಹಾಕಬಹುದು. ಇಂಥ ಅರ್ಜಿಗಳಲ್ಲಿ ನ್ಯಾಯಾಧೀಶರು ವ್ಯಕ್ತಿಯೊಡನೆ ಖಾಸಗಿಯಾಗಿ ಮಾತನಾಡಬೇಕು, ಒಲವು ಬದಲಿಸುವ ಕೌನ್ಸೆಲಿಂಗ್‌ಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ಮಾರ್ಗಸೂಚಿ ಕೊಟ್ಟಿದೆ. ಕಾನೂನು ನೆರವಿನ ಸಹಾಯವಾಣಿ 15100.

ಹಕ್ಕಿನ ಹೋರಾಟ ಮತ್ತು ವಿಶ್ವಾಸ ಎಲ್ಲಿ ಡಿಕ್ಕಿ ಹೊಡೆಯುತ್ತವೆ? ಹಿಂದೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ವಿಷಯದಲ್ಲಂತೂ ಅಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಮತ್ತೆ ಎತ್ತಿಹಿಡಿದಾಗ, ಧರ್ಮಸಭೆ ಸಲಿಂಗಿಗಳನ್ನು ಎಂದೂ ಅಪರಾಧಿಗಳೆಂದು ಭಾವಿಸಿಲ್ಲ ಎಂದವರು ಅಂದಿನ ಮುಂಬೈ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಪೋಪ್ ಫ್ರಾನ್ಸಿಸ್ 2023ರಲ್ಲಿ ಹೇಳಿದರು. ಮನೆ ಬಾಡಿಗೆ, ಉದ್ಯೋಗ, ಆಸ್ಪತ್ರೆ, ಪೊಲೀಸರ ಕಿರುಕುಳ, ಇವುಗಳ ಬಗ್ಗೆ ದನಿ ಎತ್ತುವಾಗ 2358 ನಿಮ್ಮ ಬೆನ್ನಿಗಿದೆ. ಡಿಕ್ಕಿಯಾಗುವುದು ಮದುವೆಯ ಮಾನ್ಯತೆಯಲ್ಲಿ. ಸಲಿಂಗ ಸಂಬಂಧಕ್ಕೆ ಕಾನೂನಿನ ಮಾನ್ಯತೆಯನ್ನು ಕಥೋಲಿಕರು ವಿರೋಧಿಸಬೇಕು ಎಂದು 2003ರ ವ್ಯಾಟಿಕನ್ ದಾಖಲೆ ಬರೆಯುತ್ತದೆ. ಫ್ರಾನ್ಸಿಸರು 2020ರಲ್ಲಿ ನಾಗರಿಕ ಒಕ್ಕೂಟದ (ಮದುವೆಯಲ್ಲದ, ಆದರೆ ಕಾನೂನು ಒಪ್ಪುವ ಜೊತೆಬಾಳ್ವೆಯ) ರಕ್ಷಣೆಯನ್ನು ಬೆಂಬಲಿಸಿ ಮಾತನಾಡಿದರೂ ಆ ದಾಖಲೆಯನ್ನು ಹಿಂತೆಗೆಯಲಿಲ್ಲ. ನನ್ನ ನಿಲುವು ಹೇಳುತ್ತೇನೆ: ನಮ್ಮ ದೇಶದಲ್ಲಿ ಮುಖ್ಯವಾಗಿ ಕೇಳಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ. ಅದು ಸರ್ಕಾರಿ ಕಚೇರಿಯ ಮದುವೆ, ಯಾವ ಬಲಿಪೀಠವನ್ನೂ ಮುಟ್ಟುವುದಿಲ್ಲ. ಒಬ್ಬ ಕಥೋಲಿಕ ಅದನ್ನು ನಾಗರಿಕನಾಗಿ ಮನಸ್ಸಾಕ್ಷಿಯಿಂದ ಬೆಂಬಲಿಸಬಹುದು. ಆದರೆ ಅದು ಧರ್ಮಸಭೆಯ ನಿಲುವು ಎಂದು ಹೇಳಬೇಡಿ, ನನ್ನ ನಿಲುವು ಎನ್ನಿ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂದು ಒಮ್ಮತದಿಂದ ಹೇಳಿತು. ನಾಗರಿಕ ಒಕ್ಕೂಟದ ಬೇಡಿಕೆ 3-2ರಲ್ಲಿ ಬಿದ್ದುಹೋಯಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ. ಅಂದರೆ ಇವತ್ತಿಗೆ ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಅಪರಿಚಿತರು. ಕಾಗದಪತ್ರ ಬೇಕಾಗಿರುವುದು ಇದಕ್ಕೇ.

ಎಲ್ಲಕ್ಕಿಂತ ಮೊದಲು ಉಯಿಲು. ನೀವು ಉಯಿಲಿಲ್ಲದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ: ಹೆಂಡತಿ ಮಕ್ಕಳಿಲ್ಲದ ಕ್ರೈಸ್ತನ ಆಸ್ತಿ ಪೂರ್ತಿ ತಂದೆಗೆ. ತಂದೆ ಇಲ್ಲದಿದ್ದರೆ ತಾಯಿ ಮತ್ತು ಒಡಹುಟ್ಟಿದವರಿಗೆ ಸಮಪಾಲು. ನಿಮ್ಮ ಗೆಳೆಯ ಹಿಂದೂ ಆದ್ದರಿಂದ ಅವರ ಆಸ್ತಿ 1956ರ ಕಾಯ್ದೆಯಂತೆ ಮೊದಲು ತಾಯಿಗೆ. ಎರಡೂ ಕಡೆ ಸಂಗಾತಿಗೆ ಸೊನ್ನೆ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು. ಆದರೂ ಮನೆಯವರು ತಕರಾರು ತೆಗೆಯುವ ಸಂಭವ ಇರುವಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಕ್ರೈಸ್ತರು ಎರಡು ಕಡೆ ಜಾರುತ್ತಾರೆ. 67ನೇ ಕಲಮಿನಂತೆ ಉಯಿಲಿಗೆ ಸಾಕ್ಷಿ ಹಾಕಿದವರಿಗೇ ಆಸ್ತಿ ಬರೆದಿದ್ದರೆ ಅವರ ಪಾಲು ಅನೂರ್ಜಿತ. ಗೆಳೆಯನಿಂದ ಸಾಕ್ಷಿ ಹಾಕಿಸಲೇಬೇಡಿ. 69ನೇ ಕಲಮಿನಂತೆ ಮದುವೆಯಾದ ಕೂಡಲೇ ಹಳೆಯ ಉಯಿಲು ರದ್ದಾಗುತ್ತದೆ. ಬಲವಂತದ ಮದುವೆ ಇದನ್ನೂ ಕಿತ್ತುಕೊಳ್ಳುತ್ತದೆ. ಹಿಂದೂಗಳಿಗೆ ಈ ಎರಡು ನಿಯಮಗಳಿಲ್ಲ, ಆದರೂ ಅವರ ಉಯಿಲಿಗೂ ನೀವು ಸಾಕ್ಷಿಯಾಗದಿರುವುದೇ ಕ್ಷೇಮ.

ನಾಮಿನಿ ಮಾಡಿದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಬ್ಯಾಂಕ್ ಖಾತೆಯಲ್ಲಿ ಸಂಗಾತಿಯನ್ನು ಜಂಟಿದಾರ ಅಥವಾ ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಶಾಖೆಯಲ್ಲಿ ತಕರಾರು ಮಾಡಿದರೆ ಆ ಪತ್ರದ ಪ್ರತಿ ತೋರಿಸಿ. ಆದರೆ ನಾಮಿನಿ ಹಣ ಪಡೆಯುವವನು ಮಾತ್ರ, ಒಡೆಯನಲ್ಲ. ಜೀವವಿಮೆಯಲ್ಲೂ ಪೋಷಕರು, ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಇರುವ ವಿಶೇಷ ಸ್ಥಾನ ಸಂಗಾತಿಗಿಲ್ಲ. ಪಿಎಫ್‌ನಲ್ಲಿ ನಿಮ್ಮನ್ನು ಅವಲಂಬಿಸಿದ ಪೋಷಕರಿದ್ದರೆ ಹೊರಗಿನವರ ನಾಮನಿರ್ದೇಶನವೇ ಊರ್ಜಿತವಾಗದು. ಹಾಗಾಗಿ ಬ್ಯಾಂಕು, ವಿಮೆಯ ಹಣದ ವಿವರವನ್ನು ಉಯಿಲಿನಲ್ಲೂ ಹೆಸರಿಟ್ಟು ಬರೆಯಿರಿ. ಬದುಕಿರುವಾಗ ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಉಡುಗೊರೆ ಕೊಟ್ಟರೆ ಪಡೆದವರು ತೆರಿಗೆ ಕಟ್ಟಬೇಕು, ಯಾಕೆಂದರೆ ತೆರಿಗೆ ಕಾನೂನಿನ ಬಂಧುಗಳ ಪಟ್ಟಿಯಲ್ಲಿ ಸಂಗಾತಿ ಇಲ್ಲ. ಉಯಿಲಿನಿಂದ ಬಂದದ್ದಕ್ಕೆ ಆ ತೆರಿಗೆಯಿಲ್ಲ. ಜೊತೆಯಾಗಿ ಮನೆ ಕೊಂಡರೆ ಕ್ರಯಪತ್ರದಲ್ಲಿ ಇಬ್ಬರ ಪಾಲನ್ನೂ ಶೇಕಡಾವಾರು ನಮೂದಿಸಿ.

ಆಸ್ಪತ್ರೆಗೆ ಸಾಮಾನ್ಯ ಪವರ್ ಆಫ್ ಅಟಾರ್ನಿಯನ್ನು ನಂಬಬೇಡಿ. ನಿಮ್ಮ ಬುದ್ಧಿ ಸ್ವಾಧೀನ ತಪ್ಪಿದರೆ ಅದೂ ನಿಲ್ಲುತ್ತದೆ. ಬದಲಿಗೆ ಎರಡು ಕಾಗದ ಮಾಡಿಡಿ. ಒಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನ ನಾಮನಿರ್ದೇಶಿತ ಪ್ರತಿನಿಧಿ: ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಆಯಿತು, ಮಾನಸಿಕ ಚಿಕಿತ್ಸೆಯ ಮಟ್ಟಿಗೆ ಮನೆಯವರಿಗಿಂತ ಮೊದಲ ಸ್ಥಾನ ಅವರಿಗೆ. ಇನ್ನೊಂದು, ಕೊನೆಗಾಲದ ಚಿಕಿತ್ಸೆಯ ಮುಂಗಡ ನಿರ್ದೇಶನ: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅದರಲ್ಲಿ ಗೆಳೆಯನ ಹೆಸರು. ಧರ್ಮಸಭೆಯ ಬೋಧನೆಗೆ ಇದು ವಿರುದ್ಧವಲ್ಲ; ಮಿತಿಮೀರಿದ ಚಿಕಿತ್ಸೆ ನಿಲ್ಲಿಸುವುದನ್ನು ಧರ್ಮೋಪದೇಶ ಗ್ರಂಥದ 2278ನೇ ಪರಿಚ್ಛೇದ ಒಪ್ಪುತ್ತದೆ, ದಯಾಮರಣವನ್ನು ಒಪ್ಪುವುದಿಲ್ಲ. ಅದೇ ಕಾಗದದಲ್ಲಿ ರೋಗಿಗಳ ಅಭ್ಯಂಗ (ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಬೇಕು, ಕ್ರೈಸ್ತ ಅಂತ್ಯಕ್ರಿಯೆ ಬೇಕು ಎಂದೂ ಬರೆಯಿರಿ, ಯಾವ ಗುರುವನ್ನು ಕರೆಯಬೇಕು ಎಂಬುದನ್ನೂ. ನಿಮ್ಮ ಗೆಳೆಯನಿಗೆ ಇದೆಲ್ಲ ಗೊತ್ತಿರುವುದಿಲ್ಲ. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಗೆ ಪಾರ್ಥಿವ ಶರೀರ ಪಡೆಯಲು ಅವಕಾಶ ಕೊಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಬರೆದಿದೆ, ಆ ಪತ್ರವನ್ನೂ ಕಡತದಲ್ಲಿ ಸೇರಿಸಿ.

ಒಂಟಿಯಾಗಿ ಹೊರಬೇಡಿ. ಸಂಗಮ, ಗುಡ್ ಆಸ್ ಯು ಈ ನಗರದಲ್ಲಿ 1990ರ ದಶಕದಿಂದ ಬೇರು ಬಿಟ್ಟ ಲೈಂಗಿಕ ಅಲ್ಪಸಂಖ್ಯಾತರ ಬಳಗಗಳು. ವಿಶ್ವಾಸದ ಮಾತಿಗೆ ಸಲಿಂಗಿ ಕಥೋಲಿಕರ ಜಾಗತಿಕ ಜಾಲವಿದೆ. ಮುಂದೆ ಮಹಾಧರ್ಮಾಧ್ಯಕ್ಷರಿಗೆ ಬರೆಯುವ ಮನಸ್ಸಾದರೆ ಧರ್ಮಸಭೆಯ ಕಾನೂನಿನ 212ನೇ ವಿಧಿಯ ಮೂರನೇ ಭಾಗ ಉಲ್ಲೇಖಿಸಿ. ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವ ಹಕ್ಕನ್ನು, ಕೆಲವೊಮ್ಮೆ ಕರ್ತವ್ಯವನ್ನು, ಅದು ವಿಶ್ವಾಸಿಗಳಿಗೆ ಕೊಡುತ್ತದೆ. ಒಂದೇ ಪುಟ, ಒಂದೇ ಬೇಡಿಕೆ: ಉದಾಹರಣೆಗೆ, ಇಂಥ ಮಕ್ಕಳಿರುವ ಕುಟುಂಬಗಳ ಪಾಲನೆಗೆ ತರಬೇತಿ ಪಡೆದ ಗುರುವೊಬ್ಬರನ್ನು ನೇಮಿಸಿ ಎಂಬುದು. ಬೋಧನೆ ಬದಲಿಸಿ ಎಂದು ಬರೆದರೆ ಅದು ಅವರ ಕೈಯಲ್ಲಿಲ್ಲ. ಇದು ಅವರ ಕೈಯಲ್ಲಿದೆ.