ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತ ಮನೆ, ಉಪದೇಶ ಮಾಡದೆ ನಂಬಿಕೆ ತೋರಿಸುವುದು ಹೇಗೆ?

ಮೊದಲು ರೊಕ್ಕದ ವ್ಯವಹಾರ ಸರಿ ಇರಲಿ. ಬೆಟಗೇರಿಯಲ್ಲಿ ಒಬ್ಬ ಕಿರಾಣಿ ಅಂಗಡಿ ಅಕ್ಕ ಇದ್ದಾರೆ, ಉದ್ರಿ ಲೆಕ್ಕವನ್ನು ಗಿರಾಕಿ ಎದುರಿಗೇ ಬರೆದು ಓದಿ ಹೇಳುತ್ತಾರೆ, ಎಲ್ಲಾದರೂ ಜಾಸ್ತಿ ಹಿಡಿದಿದ್ದು ಗೊತ್ತಾದರೆ ಸಂಜೆ ಅವರ ಮನೆಗೇ ಹೋಗಿ ಕೊಟ್ಟು ಬರುತ್ತಾರೆ. ಅವರು ಚರ್ಚಿಗೆ ಹೋಗುವುದು ಓಣಿಗೆಲ್ಲ ಗೊತ್ತು. ಯಾರನ್ನೂ ಕರೆದವರಲ್ಲ.

ಬೈಬಲಿನ ಮತ್ತಾಯ 5:16 ನಿಮ್ಮ ಬೆಳಕು ಜನರ ಮುಂದೆ ಕಾಣಲಿ ಅನ್ನುತ್ತದೆ. ಮುಂದಿನ ಅಧ್ಯಾಯದಲ್ಲೇ, ಜನ ನೋಡಲಿ ಅಂತ ದಾನ ಮಾಡಬೇಡಿ ಅಂತಲೂ ಇದೆ. ಎರಡಕ್ಕೂ ಜಗಳ ಇಲ್ಲ, ಕೆಲಸ ಕಾಣಬೇಕು, ಹೊಗಳಿಕೆ ದೇವರಿಗೆ ಹೋಗಬೇಕು ಅಷ್ಟೇ. ಹಾಗಾಗಿ ಪಕ್ಕದ ಮನೆಯಲ್ಲಿ ಸಾವಾದರೆ ಬುತ್ತಿ ಕಟ್ಟಿಕೊಂಡು ಹೋಗಿ, ಕೂತು ಬನ್ನಿ, ಆದರೆ ಕೈಯಲ್ಲಿ ಕರಪತ್ರ ಬೇಡ, ಫೋಟೋ ಅಂತೂ ಬೇಡವೇ ಬೇಡ. ಕಷ್ಟದಲ್ಲಿ ಇರುವವರ ಹತ್ತಿರ ಹಾಗೆ ಮಾಡುವುದು ನನಗೆ ತಪ್ಪು ಅನಿಸುತ್ತದೆ.

ನಮ್ಮ ಭಾಗಕ್ಕೆ ಇದು ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲೇ ಧಾರವಾಡಕ್ಕೆ ಬಂತು, ಆದರೆ ಬೇರೆ ಧರ್ಮದ ಜನ ಅವರನ್ನು ಇವತ್ತಿಗೂ ನೆನೆಯುವುದು ಶಾಲೆಗಳಿಗೆ, ಅವರ ಮಿಷನರಿ ಕಿಟೆಲ್ ಮಾಡಿದ 1894ರ ಕನ್ನಡ-ಇಂಗ್ಲಿಷ್ ನಿಘಂಟಿಗೆ, ಅಲ್ವಾ?

ಅಕ್ಕಪಕ್ಕದವರು ತಾವಾಗಿಯೇ ನಿಮ್ಮ ನಂಬಿಕೆ ಬಗ್ಗೆ ಕೇಳಿದರೆ ಮಾತ್ರ ಸುಮ್ನೆ ಇರಬೇಡಿ. 1 ಪೇತ್ರ 3:15ರ ಪ್ರಕಾರ ಮೆತ್ತಗೆ, ಮರ್ಯಾದೆಯಿಂದ ಉತ್ತರಿಸಿ. ಅವರ ದೇವರನ್ನು ಆಡಿಕೊಳ್ಳಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಓದಿಕೊಂಡು ಇನ್ನೊಂದು ದಿನ ಚಹಾಕ್ಕೆ ಕರೆದು ಮಾತಾಡಿ.